ನೆಲಕ್ಕಿಳಿದ ಹೆಳವ

ಬೀಳಗಿ ಕಡೆಯ ಗೂಳಪ್ಪನಿಗೆ ದೇವರು ಎರಡು ಗಟ್ಟಿ ಕಾಲು ಕೊಟ್ಟಿದ್ದ. ಆದರೆ ಬನಹಟ್ಟಿಯ ನೇಕಾರ ಓಣಿಯಲ್ಲಿ ಅವನ್ನು ಕಂಡವರು ಒಬ್ಬರೂ ಇರಲಿಲ್ಲ. ಅವನು ಹೆಳವ. ಹೆಳವ ಅಂದರೆ ಕುಂಟ. ಅವರ ಕುಲದ ಮೂಲಪುರುಷ ನಡೆಯಲಾರದವನಾಗಿದ್ದನಂತೆ. ಶಿವ ಅವನಿಗೆ ಒಂದು ಎತ್ತು, ಒಂದು ಗಂಟೆ ಕೊಟ್ಟು, ಮನೆಮನೆಯ ವಂಶ ನೆನಪಿಟ್ಟುಕೊಂಡು ಹೇಳು, ಅವರು ಕೊಟ್ಟ ಕಾಳು ಉಣ್ಣು ಎಂದನಂತೆ. ಅಂದಿನಿಂದ ಆ ಕುಲದ ಗಂಡಸರು ವಂಶ ಹೇಳಿ ಕಾಳು ಪಡೆಯುವ ಒಕ್ಕಲ ಮನೆಯ ಮುಂದೆ ನೆಲಕ್ಕೆ ಕಾಲು ಹಚ್ಚುವುದಿಲ್ಲ. ಎತ್ತಿನ ಮೇಲೆ ಕಾಲು ಮಡಚಿ ಕೂತು, ಸೊಂಟದಿಂದ ಕೆಳಗೆ ಕಂಬಳಿ ಹೊದ್ದು, ಗಂಟೆ ಬಾರಿಸುತ್ತ ಬರಬೇಕು. ಊರ ಹೊರಗೆ ಗುಡಾರದ ಹತ್ತಿರ ಅವರು ಓಡಲಿ, ಕುಣಿಯಲಿ, ಕೇಳುವವರಿಲ್ಲ. ಎಲ್ಲರಿಗೂ ಗೊತ್ತಿದ್ದ ಗುಟ್ಟು ಅದು. ಆದರೂ ಕಂಬಳಿ ಎತ್ತಿ ನೋಡುವ ಕೆಟ್ಟ ಬುದ್ಧಿ ಓಣಿಯ ಪುಂಡರಿಗೂ ಬಂದಿರಲಿಲ್ಲ.

ಆ ಕಾಲದಲ್ಲಿ ನಮ್ಮ ಸೀಮೆ ತುಂಡು ಜೋಡಿಸಿ ಹೊಲಿದ ಕೌದಿಯ ಹಾಗಿತ್ತು. ಬನಹಟ್ಟಿ ಜಮಖಂಡಿಯ ದೊರೆಗಳದು, ಕೂಗಳತೆಯ ರಬಕವಿ ಸಾಂಗ್ಲಿಯವರದು, ಮುಧೋಳದ್ದು ಬೇರೆ ಗಾದಿ, ಬೀಳಗಿ ಇಂಗ್ರೇಜಿಯವರ ಕೈಯಲ್ಲಿ. ಗೂಳಪ್ಪನ ಎತ್ತಿಗೆ ಈ ಗಡಿಗಳ ಪರಿವೆ ಇರಲಿಲ್ಲ. ನಾಲ್ಕೂ ಕಡೆ ಸೇರಿ ಇನ್ನೂರು ಒಕ್ಕಲು. ಸುಗ್ಗಿ ಮುಗಿದ ಮೇಲೆ ಹೊರಟು ಸುತ್ತಿದರೆ ಒಂದು ಮನೆಯ ಸರದಿ ಮೂರು ವರ್ಷಕ್ಕೊಮ್ಮೆ ಬರುತ್ತಿತ್ತು. ಹೊಸ ಕೂಸುಗಳ ಹೆಸರು ಸೇರಿಸುವುದು, ತೀರಿಕೊಂಡವರನ್ನು ಹಿರಿಯರ ಸಾಲಿಗೆ ಕಳಿಸುವುದು, ಯಾವ ಮನೆ ಯಾವ ಬೆಡಗಿನದು ಎಂದು ನೆನಪಿಸುವುದು ಅವನ ಕೆಲಸ. ಒಂದೇ ಬೆಡಗಿನವರು ಅಣ್ಣತಮ್ಮಂದಿರು, ಅವರೊಳಗೆ ಬೀಗತನ ಕೂಡದು. ಹೀಗಾಗಿ ಹೆಣ್ಣು ನೋಡಲು ಹೊರಟವರು ಹುಡುಗಿಯ ಮೂಗು ಕಣ್ಣು ನೋಡುವ ಮುಂಚೆ ಹೆಳವನ ಬಾಯಿ ನೋಡುತ್ತಿದ್ದರು.

ಈ ವಿದ್ಯೆಯನ್ನು ಅವನಿಗೆ ಕಲಿಸಿದವನು ಅಪ್ಪ ಮುದಕಪ್ಪ. ಹೆಸರುಗಳನ್ನು ರಾಗದಲ್ಲಿ ಕಲಿಸಿದ, ತಪ್ಪಿದಲ್ಲಿ ಕಿವಿ ಹಿಂಡಿದ. ಎರಡು ಕಟ್ಟಳೆಯನ್ನೂ ಹೇಳಿಕೊಟ್ಟ. ಮನೆಯ ಹಿರಿಯ ಗಂಡಸು ಮರದಲ್ಲಿ, ಅಂದರೆ ಕೇರುವ ಮೊರದಲ್ಲಿ, ಕಾಳು ಹಿಡಿದು ಹೊಸ್ತಿಲ ಮೇಲೆ ನಿಂತು ಏನು ಹೇಳುತ್ತಾನೋ ಅದೇ ದಾಖಲೆ, ಒಳಗೆ ಹೊಕ್ಕು ವಿಚಾರಿಸುವುದು ಹೆಳವನ ಕೆಲಸವಲ್ಲ, ಇದು ಒಂದು. ಎತ್ತಿನ ಮೇಲೆ ಕೂತು ಆಡಿದ ಮಾತನ್ನು ತಿರುಗಿ ನುಂಗಬಾರದು, ಇದು ಎರಡನೆಯದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಜನ ಸುಮ್ಮನೆ ಅನ್ನುತ್ತಾರೆ. ಹೆಳವನಿಗೆ ಅದು ಹೊಟ್ಟೆಯ ಪ್ರಶ್ನೆ. ಇನ್ನು ಮುದಕಪ್ಪನದು ಒಂದು ಚಟವಿತ್ತು. ಯಾವ ಮನೆಯ ವಂಶ ಹೇಳಿದರೂ ಮೂರನೆಯ ತಲೆ ಮುಗಿಯುತ್ತಲೇ ಒಮ್ಮೆ ಕೆಮ್ಮಿ, ಗಂಟಲು ಸರಿಮಾಡಿಕೊಂಡು ನಾಲ್ಕನೆಯ ತಲೆಗೆ ಹೋಗುತ್ತಿದ್ದ. ಬೇನೆಯೇನೂ ಅಲ್ಲ, ರೂಢಿ. ಗೂಳಪ್ಪ ಹೆಸರುಗಳನ್ನೆಲ್ಲ ಕಲಿತ, ಆ ಕೆಮ್ಮನ್ನು ಮಾತ್ರ ಬಿಟ್ಟ.

ಮೊದಲ ಮಹಾಯುದ್ಧದ ನಡುವೆ, 1916ರ ಮಾಗಿಯಲ್ಲಿ, ಅವನು ಬನಹಟ್ಟಿಯ ಮುರಗೆಪ್ಪನ ಮನೆಯ ಮುಂದೆ ಎತ್ತು ನಿಲ್ಲಿಸಿದ. ನಾಲ್ಕು ಮಗ್ಗದ ಮನೆ. ಮುರಗೆಪ್ಪನಿಗೆ ನಿಂಗಣ್ಣನೆಂಬ ತಮ್ಮನಿದ್ದ. ಪ್ಲೇಗಿನ ಕಾಲದಲ್ಲಿ ನೂಲು ಸಿಗದೆ ಮಗ್ಗ ನಿಂತಾಗ, ನೆಲ ತೋಡಿ ಕಾಲು ಇಳಿಬಿಟ್ಟು ಕೂರುವ ಕುಣಿಮಗ್ಗದ ಕುಣಿಯಿಂದ ಎದ್ದು, ಮೈಸೂರು ಸೀಮೆಯ ಬಂಗಾರದ ಗಣಿಗೆ ಹೋಗಿದ್ದ. ಸಣ್ಣ ಕುಣಿ ಬಿಟ್ಟು ದೊಡ್ಡ ಕುಣಿಗೆ ಇಳಿದ ಎಂದು ಓಣಿಯವರು ನಗೆಯಾಡಿದ್ದರು. ಅವತ್ತು ಮುರಗೆಪ್ಪ ಮರ ಹಿಡಿದು ಹೊಸ್ತಿಲಿಗೆ ಬಂದವನೇ, ತಮ್ಮ ಗಣಿಯೊಳಗೆ ಸತ್ತ, ಹೆಂಡತಿ ಮಕ್ಕಳಿಲ್ಲ, ಬಳ್ಳಿ ಕಡಿತೆಂದು ಹಾಡು ಎಂದ. ಬಳ್ಳಿ ಕಡಿತು ಅಂದರೆ ಆ ಹೆಸರಿನಿಂದ ಮುಂದೆ ಯಾರೂ ಇಲ್ಲ.

ಅಷ್ಟರಲ್ಲಿ ಒಳಗಿನಿಂದ ಅವರ ತಾಯಿ ಸಾವಿತ್ರೆವ್ವನ ದನಿ ಕೇಳಿಸಿತು.

"ನನ್ನ ಮಗ ಸತ್ತಿಲ್ಲೋ ಹೆಳವಾ. ಹಂಗ ಹಾಡಬ್ಯಾಡ."

ಮುರಗೆಪ್ಪ ಹಿಂದಕ್ಕೆ ತಿರುಗಿಯೂ ನೋಡಲಿಲ್ಲ. ಅವ್ವನಿಗೆ ಬುದ್ಧಿ ನೆಟ್ಟಗಿಲ್ಲ, ಹೆಸರು ಕಲಸುತ್ತಾಳೆ ಎಂದ. ಗೂಳಪ್ಪನಿಗೆ ಸಂಶಯ ಬರಲಿಲ್ಲವೆಂದರೆ ಸುಳ್ಳಾದೀತು. ಹಿಂದಿನ ದಿನವೇ ರಬಕವಿಯಲ್ಲಿ ಒಂದು ಗುಸುಗುಸು ಅವನ ಕಿವಿಗೆ ಬಿದ್ದಿತ್ತು. ನಿಂಗಣ್ಣ ಗಣಿಯಲ್ಲಿ ಬೇರೆ ಜಾತಿಯವಳನ್ನು ಕಟ್ಟಿಕೊಂಡನಂತೆ, ಮುರಗೆಪ್ಪನ ಮೂರು ಹೆಣ್ಣುಮಕ್ಕಳಿಗೆ ಇನ್ನು ವರ ಸಿಕ್ಕಹಾಗೇ ಇದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಸತ್ತವನ ಜಾತಿ ಕೆಡುವುದಿಲ್ಲವಲ್ಲ. ಗೂಳಪ್ಪನಿಗೆ ಎಲ್ಲ ತಿಳಿಯಿತು. ಆದರೆ ಅಪ್ಪನ ಕಟ್ಟಳೆ ಅನುಕೂಲಕ್ಕೆ ಸರಿಯಾಗಿ ನೆನಪಾಯಿತು: ಹೊಸ್ತಿಲ ಮೇಲಿನವನು ಹೇಳಿದ್ದೇ ದಾಖಲೆ. ಬಳ್ಳಿ ಮುಚ್ಚಿದ್ದಕ್ಕೆ ಒಂದು ದಾನ ಕೊಡುವುದು ಪದ್ಧತಿ. ಬೇರೆ ಮನೆಯವರು ತಂಬಿಗೆ ಕೊಟ್ಟರೆ ಮುರಗೆಪ್ಪ ಹೋರಿಗರುವನ್ನೇ ಹೊಡೆದು ಕಳಿಸಿದ. ಬಿಳಿ ಮೈ, ಕಿವಿಯ ತುದಿ ಮಾತ್ರ ಕಪ್ಪು. ಅಷ್ಟು ದೊಡ್ಡ ದಾನ ಯಾಕೆಂದು ಕೇಳುವ ಗೋಜಿಗೆ ಗೂಳಪ್ಪ ಹೋಗಲಿಲ್ಲ.

ಆ ಕರು ಎತ್ತಾಯಿತು, ಅವನ ಸವಾರಿಯಾಯಿತು. ಅದರ ಮೇಲೆ ಕೂತೇ ಅವನು ಮೂರು ಮೂರು ವರ್ಷಕ್ಕೊಮ್ಮೆ ಆ ಹೊಸ್ತಿಲ ಮುಂದೆ 'ನಿಂಗಣ್ಣನ ಬಳ್ಳಿ ಕಡಿತು' ಎಂದು ಹಾಡಿದ. ಮೊದಲ ಸಲ ನಾಲಿಗೆ ತಡವರಿಸಿತು. ಮುಂದಿನ ಸರದಿಗೆ ಸಾವಿತ್ರೆವ್ವನೂ ಹಿರಿಯರ ಸಾಲಿಗೆ ಸೇರಿದ್ದಳು. ಒಳಗಿನಿಂದ ಯಾರೂ ಕೂಗದಿದ್ದಾಗ ಸುಳ್ಳು ಹೇಳುವುದು ಎಷ್ಟು ಸಲೀಸು ಎಂದು ಅವನಿಗೇ ಆಶ್ಚರ್ಯವಾಯಿತು.

ಹದಿನೈದು ವರ್ಷ ಕಳೆದವು. 1931ರಲ್ಲಿ ಅವನು ಬನಹಟ್ಟಿಯ ಹೊರಗೆ ಗುಡಾರ ಹಾಕಿದ ದಿನವೇ, ಮಧ್ಯಾಹ್ನ, ಇಬ್ಬರು ಹೆಂಗಸರು ಹುಡುಕಿಕೊಂಡು ಬಂದರು. ದೊಡ್ಡವಳು ಹೊಳೆವ್ವ, ನಿಂಗಣ್ಣನ ಹೆಂಡತಿ. ಚಿಕ್ಕವಳು ಶೇವಂತಿ, ಹದಿನೇಳರ ಮಗಳು. ಬೇರೆ ಜಾತಿಯೂ ಇಲ್ಲ, ಏನೂ ಇಲ್ಲ. ಹೊಳೆವ್ವ ಮುಧೋಳದ ನೇಕಾರರ ಮಗಳು, ಅವಳ ಅಪ್ಪನೂ ಪ್ಲೇಗಿಗೆ ಹೆದರಿ ಗಣಿ ಸೇರಿದವನು. ಕನ್ನಡದ ಎರಡು ಮನೆಗಳು ಆ ತಮಿಳು ತೆಲುಗಿನ ಸಂತೆಯಲ್ಲಿ ಒಂದನ್ನೊಂದು ಹುಡುಕಿ ಬೀಗರಾಗಿದ್ದವು. ಊರ ಬಾಯಿಗೆ ಅಷ್ಟು ವಿವರ ಬೇಕಾಗಿರಲಿಲ್ಲ.

ನಿಂಗಣ್ಣ ಎರಡು ವರ್ಷದ ಹಿಂದೆ ತೀರಿಕೊಂಡಿದ್ದ. ಕಲ್ಲಿನ ಧೂಳು ಎದೆಯಲ್ಲಿ ಕೂತು, ಕೆಮ್ಮಿ ಕೆಮ್ಮಿ ಸೊರಗಿ ಸತ್ತ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬಂಗಾರ ಅಗೆದವನ ಹೆಂಡತಿಯ ಕೊರಳಲ್ಲಿ ಅವನಿದ್ದಾಗಲೂ ಕರಿಮಣಿ ಬಿಟ್ಟು ಬೇರೆ ಇರಲಿಲ್ಲ. ಗಂಡನ ಊರು ಎಂದು ಅವರು ಬನಹಟ್ಟಿಗೆ ಬಂದರೆ, ನಮ್ಮ ತಮ್ಮ ಸತ್ತು ಯಾವ ಕಾಲವಾಯಿತು, ನೀವು ಯಾರೋ, ಬೇಕಾದರೆ ಹೆಳವನನ್ನು ಕೇಳಿ ಎಂದು ಮುರಗೆಪ್ಪ ಬಾಗಿಲು ಹಾಕಿಕೊಂಡ. ಅವನ ಮೂವರು ಹೆಣ್ಣುಮಕ್ಕಳೂ ಗಂಡನ ಮನೆ ಸೇರಿ ಸುಖವಾಗಿದ್ದರು. ಆಡಿದ ಸುಳ್ಳನ್ನು ಈಗ ಹಿಂದಕ್ಕೆ ತೆಗೆದುಕೊಂಡರೆ ಅವರ ಮನೆಯಲ್ಲೂ ಪ್ರಶ್ನೆ ಏಳುತ್ತದೆಂಬ ಭಯ ಅವನಿಗೆ. ಅಂದಿನಿಂದ ತಾಯಿ ಮಗಳು ರಬಕವಿಯಲ್ಲಿ ಗುರಪ್ಪನೆಂಬ ನೇಕಾರನ ಮನೆಯಲ್ಲಿ ನೂಲಿನ ಕಂಡಿಕೆ ಸುತ್ತುತ್ತ, ಹೆಳವ ಯಾವಾಗ ಬಂದಾನು ಎಂದು ಹತ್ತು ತಿಂಗಳು ದಾರಿ ಕಾದಿದ್ದರು. ಗುರಪ್ಪನಿಗೆ ಶೇವಂತಿಯ ಕೈಯ ಚುರುಕು ಮೆಚ್ಚಿಕೆಯಾಗಿ, ತನ್ನ ಮಗನಿಗೆ ತಂದುಕೊಳ್ಳುವ ಮನಸ್ಸು ಮಾಡಿದ್ದ. ಬೆಡಗು ಒಂದು ಗೊತ್ತಾಗಬೇಕು, ಹೆಳವ ಒಂದು ಮಾತು ಹೇಳಬೇಕು, ಅಷ್ಟೇ ಎಂದಿದ್ದ.

ಇದನ್ನೆಲ್ಲ ಕೇಳಿದ ಗೂಳಪ್ಪ, ನೀವು ನಿಂಗಣ್ಣನವರೇ ಎನ್ನುವುದಕ್ಕೆ ಗುರುತೇನು ಎಂದ. ಒಳಗೊಳಗೆ ಗುರುತಿಲ್ಲದಿದ್ದರೆ ಸಾಕಪ್ಪಾ ಎಂದು ಬೇಡಿಕೊಂಡ. ಹೊಳೆವ್ವ ಮಗಳ ಕಡೆ ನೋಡಿದಳು. ಹುಡುಗಿ ತಲೆ ತಗ್ಗಿಸಿ, ತಮಿಳು ಬೆರೆತ ಕನ್ನಡದಲ್ಲಿ, ಆದರೆ ಹೆಳವರದೇ ರಾಗದಲ್ಲಿ ಶುರುಮಾಡಿದಳು.

"ಹೊಳಿ ದಾಟಿ ಬಂದ ಮನಿ, ನೂಲು ಹೊತ್ತು ಬಂದ ಮನಿ, ಏಳೆಳಿ ಬೆಡಗಿನ ಮನಿ. ಮೂಲಬಳ್ಳಿ ಕಲ್ಲಪ್ಪ. ಕಲ್ಲಪ್ಪನ ಬಳ್ಳಿ ದುಂಡಪ್ಪ, ದುಂಡಪ್ಪನ ಬಳ್ಳಿ ಸತ್ಯೆಪ್ಪ..."

ಇಲ್ಲಿ ಹುಡುಗಿ ನಿಂತಳು. ಒಮ್ಮೆ ಕೆಮ್ಮಿದಳು. ಗಂಟಲು ಸರಿಮಾಡಿಕೊಂಡು ಮುಂದುವರಿದಳು.

"ಸತ್ಯೆಪ್ಪನ ಬಳ್ಳಿ ಅಡಿವೆಪ್ಪ, ಅಡಿವೆಪ್ಪನ ಬಳ್ಳಿಗೆ ಹೂವು ಎರಡು..."

ಸತ್ತು ಇಪ್ಪತ್ತು ವರ್ಷ ಮೀರಿದ ಮುದಕಪ್ಪ ಈ ಗಣಿ ಹುಡುಗಿಯ ಗಂಟಲಲ್ಲಿ ಕೂತು ಕೆಮ್ಮಿದ್ದ. ನಿಂಗಣ್ಣ ಚಿಕ್ಕಂದಿನಲ್ಲಿ ಹೊಸ್ತಿಲಲ್ಲಿ ಕೂತು ಕೇಳಿದ್ದನ್ನು ಕೇಳಿದ ಹಾಗೆಯೇ ಒಯ್ದಿದ್ದ, ಕೆಮ್ಮೂ ವಂಶದ ಭಾಗವೆಂದು ತಿಳಿದು ಮಗಳಿಗೆ ಕಲಿಸಿದ್ದ. ಗಣಿಯಿಂದ ಮೇಲೆ ಬಂದವರ ಕೂದಲು, ಬಾಯಿ, ಪಂಜೆಯ ಅಂಚು ಎಲ್ಲ ತಡಕಿ ನೋಡಿಯೇ ಹೊರಗೆ ಬಿಡುತ್ತಿದ್ದರಂತೆ, ಒಂದು ಗುಂಜಿ ಬಂಗಾರವೂ ಹೋಗಕೂಡದು. ಈ ಒಂದು ಆಸ್ತಿ ಮಾತ್ರ ಯಾರ ಕೈಗೂ ಹತ್ತದೆ ಉಳಿದಿತ್ತು. ಕೊನೆಗಾಲದಲ್ಲಿ ಅವನಿಗೆ ಹೆಸರಿಗೊಂದು ಕೆಮ್ಮು ಬರುತ್ತಿತ್ತು, ಆದರೂ ಯಾವುದು ತನ್ನದು, ಯಾವುದು ಹೆಳವನದು ಎಂದು ಮಗಳಿಗೆ ಬಿಡಿಸಿ ಹೇಳಿದ್ದ ಎಂದಳು ಹೊಳೆವ್ವ.

ಇನ್ನು ಸಂಶಯಕ್ಕೆ ಜಾಗವಿರಲಿಲ್ಲ. ಗೂಳಪ್ಪ ಅವರಿಗೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ನಾಳೆ ಮುಂಜಾನೆ ಮುರಗೆಪ್ಪನ ಬಾಗಿಲಿಗೆ ಬನ್ನಿ ಎಂದು ಕಳಿಸಿದ. ಹೆಂಡತಿ ಬನಶಂಕರಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಒಂದು ಮನೆಯ ಬಳ್ಳಿ ಸುಳ್ಳೆಂದು ನೀನೇ ಹೇಳಿದರೆ ಉಳಿದ ನೂರಾ ತೊಂಬತ್ತೊಂಬತ್ತು ಮನೆಯವರು ನಮ್ಮದು ಖರೆಯೋ ಎಂದು ಕೇಳುವುದಿಲ್ಲವೇ, ಈ ಸಲ ಬನಹಟ್ಟಿ ಬಿಟ್ಟು ಮುಂದಕ್ಕೆ ಹೋಗೋಣ ಎಂದಳು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಹನ್ನೊಂದು ಹೊಟ್ಟೆ ಆ ಕಾಳಿನ ಮೇಲೆ ಬದುಕುತ್ತಿದ್ದವು. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಪಾಡಾಯಿತು ಅವನದು.

ಮರುದಿನ ಬಿಸಿಲೇರುವ ಹೊತ್ತಿಗೆ ಓಣಿ ತುಂಬಿತ್ತು. ಮಗ್ಗಗಳು ನಿಂತಿದ್ದವು. ರಬಕವಿಯಿಂದ ಗುರಪ್ಪ ಬಂದಿದ್ದ. ಅವನ ಹಿಂದೆ ಸೆರಗು ಹೊದ್ದು ತಾಯಿ ಮಗಳು. ಮುರಗೆಪ್ಪ ಮರದ ತುಂಬ ಜೋಳ ಹಿಡಿದು ಹೊಸ್ತಿಲ ಮೇಲೆ ನಿಂತ. ಗೂಳಪ್ಪ ಗಂಟೆ ಬಾರಿಸಿ ಹಾಡಲು ಹತ್ತಿದ. ಕಲ್ಲಪ್ಪ, ದುಂಡಪ್ಪ, ಸತ್ಯೆಪ್ಪ, ಅಡಿವೆಪ್ಪ. ಹಿರಿಯ ಹೂವು ಮುರಗೆಪ್ಪ, ಅವನ ಮಕ್ಕಳು, ಮೊಮ್ಮಕ್ಕಳು. ಕಿರಿಯ ಹೂವು ನಿಂಗಣ್ಣ.

ಅಲ್ಲಿಗೆ ಹಾಡು ನಿಲ್ಲಿಸಿದ. ಎರಡು ಮಾತು ಅಷ್ಟೇ ಬೇಕಾಗಿತ್ತು: ನಿಂಗಣ್ಣನ ಬಳ್ಳಿಗೆ ಹೂವು ಒಂದು, ಹೆಸರು ಶೇವಂತಿ. ಆದರೆ ತೊಡೆಯ ಕೆಳಗೆ ಎತ್ತಿನ ಮೈ ಬೆಚ್ಚಗೆ ಹತ್ತುತ್ತಿತ್ತು. ಯಾವ ಸುಳ್ಳಿಗೆ ಈ ಎತ್ತು ಬಂದಿತೋ, ಇದರ ಮೇಲೆಯೇ ಕೂತು ಖರೆ ಮಾತಾಡಿದರೆ ಅದು ಖರೆಯಾದೀತೆ ಎಂದು ಆ ಗಳಿಗೆಯಲ್ಲಿ ಅವನಿಗೆ ಅನಿಸಿತು. ಕಂಬಳಿ ಕಿತ್ತು ಹೆಗಲಿಗೆ ಹಾಕಿಕೊಂಡು, ಎಲ್ಲರೂ ನೋಡುತ್ತಿದ್ದಂತೆ, ಕೆಳಗಿಳಿದು ಓಣಿಯ ಮಣ್ಣಿನಲ್ಲಿ ಎರಡೂ ಕಾಲೂರಿ ನಿಂತ. ಹೆಂಗಸೊಬ್ಬಳು ಅಯ್ಯ ಶಿವನೇ ಎಂದಳು. ಎತ್ತಿನ ಹಗ್ಗವನ್ನು ಮುರಗೆಪ್ಪನ ಮುಂದೆ ಚಾಚಿದ.

"ಹದಿನೈದು ವರ್ಷದ ಹಿಂದ ಈ ಎತ್ತು ತಗೊಂಡು ನಾ ಒಂದು ಬಳ್ಳಿ ಕೊಯ್ದೇನಿ, ಧಣಿ. ನಿಂಗಣ್ಣ ಆಗ ಸತ್ತಿದ್ದಿಲ್ಲ. ಅದು ನಿಮಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಈ ಹುಡಿಗಿ ಅವನ ಮಗಳು."

ಮುರಗೆಪ್ಪ ಮರವನ್ನು ಹಿಂದಕ್ಕೆ ಎಳೆದುಕೊಂಡ. ಹೆಳವನಿಗೆ ವಯಸ್ಸಾಯಿತು, ಬುದ್ಧಿ ನೆಟ್ಟಗಿಲ್ಲ, ಹೆಸರು ಕಲಸುತ್ತಾನೆ ಎಂದ. ತಾಯಿಗೆ ಹೊಲಿದ ಅಂಗಿಯನ್ನೇ ಇವನಿಗೂ ತೊಡಿಸಿದ. ಹಗ್ಗ ಹಿಡಿಯಲಿಲ್ಲ, ಹಿಡಿದರೆ ಒಪ್ಪಿದಂತಾಗುತ್ತಿತ್ತಲ್ಲ. ಬಾಗಿಲು ಹಾಕಿಕೊಂಡ.

ಗೂಳಪ್ಪ ಗುರಪ್ಪನ ಕಡೆ ತಿರುಗಿದ. ಗುರಪ್ಪ ಕೆಟ್ಟವನಲ್ಲ. ಅವನ ಕಣ್ಣಲ್ಲಿ ನೀರು ಬಂದಿತ್ತು.

"ಎತ್ತಿನ ಮ್ಯಾಲ ಕೂತು ಇದನ್ನ ಹೇಳಿದ್ದ್ಯಂದ್ರ ಇವತ್ತ ಎಲಿ ಅಡಿಕಿ ಕೊಡತಿದ್ದೆ ಹೆಳವಪ್ಪ. ಕೆಳಗ ಇಳಿದು ಹೇಳಿದಿ. ಇದನ್ನ ಹಿಡಕೊಂಡು ನಾಳಿ ದೈವದ ಪಂಚರ ಮುಂದ ನಾ ಹ್ಯಾಂಗ ನಿಂದರಲಿ?"

ಆಗ ಗೂಳಪ್ಪನಿಗೆ ತಾನು ಮಾಡಿದ್ದು ತಿಳಿಯಿತು. ಎತ್ತಿನ ಮೇಲಿನ ಮಾತು ಹೆಳವನ ಮಾತು, ನೆಲದ ಮೇಲಿನದು ಬರೀ ಒಬ್ಬ ಮುದುಕನ ಮಾತು. ಮೇಲೆಯೇ ಕೂತು ಹೇಳಿದ್ದರೆ ಅವನ ಒಕ್ಕಲುಗಳು ಹಾಳಾಗುತ್ತಿದ್ದವು, ಹುಡುಗಿಯ ಬಳ್ಳಿ ಉಳಿಯುತ್ತಿತ್ತು. ಈಗ ಎರಡೂ ಹೋದವು. ಹತ್ತಿ ಕೂತು ಮತ್ತೊಮ್ಮೆ ಹೇಳುತ್ತೇನೆ ಎಂದ. ಯಾರೂ ನಿಲ್ಲಲಿಲ್ಲ. ಒಮ್ಮೆ ಇಳಿದವನನ್ನು ಎತ್ತು ಹೊರುತ್ತದೆ, ಊರು ಹೊರುವುದಿಲ್ಲ.

ಜನ ಕರಗಿದ ಮೇಲೆ ಹೊಳೆವ್ವ ಅವನ ಎದುರಿಗೆ ಬಂದು ನಿಂತಳು. ಅವಳು ಬೈದಿದ್ದರೆ ಒಳ್ಳೆಯದಿತ್ತು.

"ಇಳಿಯೂದು ನಮಗ ಬೇಕಾಗಿತ್ತೋ ಯಣ್ಣಾ, ನಿಮಗ ಬೇಕಾಗಿತ್ತೋ?"

ತನ್ನ ಪಾಪ ತೊಳೆದುಕೊಳ್ಳುವ ಆತುರದಲ್ಲಿ ಆ ಹುಡುಗಿಯ ದಾರಿಗೆ ಕಲ್ಲು ಹಾಕಿದೆನಲ್ಲ ಎಂದು ಗೂಳಪ್ಪ ಮತ್ತೆ ಮತ್ತೆ ಕೊರಗಿದ. ಒಕ್ಕಲುಗಳು ಅವನ ದಾಯಾದಿಯ ಪಾಲಾದವು. ಆ ದಾಯಾದಿಯೂ ಮುರಗೆಪ್ಪನ ಹೊಸ್ತಿಲಲ್ಲಿ 'ನಿಂಗಣ್ಣನ ಬಳ್ಳಿ ಕಡಿತು' ಎಂದೇ ಹಾಡುತ್ತಾನೆಂದು ಸುದ್ದಿ ಬರುತ್ತಿತ್ತು. ಗೂಳಪ್ಪ ಬೀಳಗಿಯಲ್ಲಿ ಕಂಡವರ ಜೋಳದ ಹೊಲ ಕಾಯ್ದು ದಿನ ತಳ್ಳಿದ. ಗಟ್ಟಿ ಕಾಲಿಗೆ ಈಗ ಕೆಲಸ ಸಿಕ್ಕಿತು ಎಂದು ಬನಶಂಕರಿ ನಕ್ಕು ಅನ್ನುತ್ತಿದ್ದಳು, ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಯಾರಿಗೂ ಬೇಡವಾದ ಎತ್ತು ಎರಡು ದಿನ ಓಣಿಯಲ್ಲೇ ನಿಂತಿತ್ತಂತೆ. ಕೊನೆಗೆ ಶೇವಂತಿ ಅದನ್ನು ರಬಕವಿಗೆ ಹೊಡೆದುಕೊಂಡು ಹೋಗಿ, ಅದು ಸಾಯುವತನಕ ಮೇವು ಹಾಕಿದಳು.

ಆ ಸಂಬಂಧ ಮುರಿದ ಮೇಲೆ ಶೇವಂತಿಗೆ ಆರು ವರ್ಷ ಯಾರೂ ಬರಲಿಲ್ಲ. ಆಮೇಲೆ ತೇರದಾಳ ಕಡೆಯಿಂದ ರಬಕವಿಗೆ ಬಂದು ನೆಲೆಸಿದ್ದ ಒಬ್ಬ ನೇಕಾರ, ಹೆಂಡತಿ ಸತ್ತವನು, ಎರಡನೆಯ ಸಂಬಂಧಕ್ಕೆ ಬೆಡಗು ಯಾರು ಕೇಳುತ್ತಾರೆ ಎಂದು ಮಾಡಿಕೊಂಡ. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವನು. ಹೊಳೆವ್ವ ಆ ಮದುವೆಯಲ್ಲಿ ಒಂದು ಮೂಲೆಯಲ್ಲಿ ಕೂತಿದ್ದಳು, ಅದಾಗಿ ಮೂರು ವರ್ಷಕ್ಕೆ ತೀರಿಕೊಂಡಳು.

1948ರ ಬೇಸಿಗೆಯಲ್ಲಿ ಜಮಖಂಡಿ, ಸಾಂಗ್ಲಿ, ಮುಧೋಳ ಎಲ್ಲ ಗಾದಿಗಳೂ ಮುಗಿದು ಕೌದಿಯ ತುಂಡುಗಳು ಒಂದಾದವು. ಅದೇ ದಿನಗಳಲ್ಲಿ ಶೇವಂತಿಯಿಂದ ಗೂಳಪ್ಪನಿಗೆ ಬಂದು ಹೋಗಿರೆಂದು ಕರೆ ಬಂತು. ಅರವತ್ತೆಂಟರ ಮುದುಕ ಎರಡು ದಿನ ನಡೆದು ರಬಕವಿ ಮುಟ್ಟಿದ. ಬೈಯಲು ಕರೆದಿದ್ದಾಳೆ, ಬೈಯಿಸಿಕೊಂಡು ಬಂದರೆ ಹಗುರಾದೀತು ಎಂದುಕೊಂಡೇ ಹೋದ. ಅವಳು ಕಾಲಿಗೆ ನೀರು ಕೊಟ್ಟಳು, ರೊಟ್ಟಿ ಬಡಿದು ಉಣ್ಣಲಿಕ್ಕಿದಳು. ತನ್ನ ಮಕ್ಕಳಿಬ್ಬರನ್ನೂ ಕರೆದು ಎದುರಿಗೆ ಕೂರಿಸಿ, ನನ್ನ ಅಪ್ಪನ ಬಳ್ಳಿ ಹೇಳಿ, ಇವರು ಒಮ್ಮೆ ಕೇಳಲಿ ಎಂದಳು. ಗೂಳಪ್ಪ ತಲೆಯಾಡಿಸಿದ. ಎತ್ತಿಲ್ಲ, ಗಂಟೆಯಿಲ್ಲ, ನೆಲಕ್ಕಿಳಿದವನು ಹೇಳಿದರೆ ಅದು ಬಳ್ಳಿಯಾಗುವುದಿಲ್ಲ, ಅಂದು ಆಗಲಿಲ್ಲವಲ್ಲ ಎಂದ.

ಶೇವಂತಿ ಅವನ ತೋಳು ಹಿಡಿದು ಎಬ್ಬಿಸಿ ಮಗ್ಗದ ಹತ್ತಿರ ಕರೆದುಕೊಂಡು ಹೋದಳು. ಕುಣಿಯ ಅಂಚಿಗೆ ಕೂರಿಸಿ, ಕಾಲುಗಳನ್ನು ಒಳಗೆ ಇಳಿಬಿಡಿಸಿ, ತುಳಿಯುವ ಹಲಗೆಯ ಮೇಲೆ ಊರಿಸಿದಳು. ಅವನದೇ ಕಂಬಳಿಯನ್ನು ತೊಡೆಯ ಮೇಲೆ ಹರವಿದಳು.

"ಈಗ ಕಾಲು ನೆಲಕ್ಕ ಹತ್ತಿಲ್ಲ, ಯಾರಿಗೂ ಕಾಣಂಗಿಲ್ಲ. ಹೇಳ್ರಿ ಮುತ್ಯಾ."

ಗೂಳಪ್ಪ ಹಾಡಲು ಹತ್ತಿದ. ಹದಿನೇಳು ವರ್ಷ ಹಾಡದ ಗಂಟಲು. ಹೊಳಿ ದಾಟಿ ಬಂದ ಮನಿ, ನೂಲು ಹೊತ್ತು ಬಂದ ಮನಿ. ಕಲ್ಲಪ್ಪ, ದುಂಡಪ್ಪ, ಸತ್ಯೆಪ್ಪ. ಅಲ್ಲಿಗೆ ಬಂದಾಗ, ಜೀವಮಾನದಲ್ಲಿ ಮೊದಲ ಸಲ, ಅಪ್ಪನ ಹಾಗೆ ಒಮ್ಮೆ ಕೆಮ್ಮಿದ. ಶೇವಂತಿ ಬಾಯಿಗೆ ಸೆರಗು ಒತ್ತಿಕೊಂಡಳು. ಅಡಿವೆಪ್ಪ, ಮುರಗೆಪ್ಪ, ನಿಂಗಣ್ಣ. ನಿಂಗಣ್ಣನ ಬಳ್ಳಿಗೆ ಹೂವು ಒಂದು, ಹೆಸರು ಶೇವಂತಿ, ಹೆತ್ತವಳು ಮುಧೋಳದ ಹೊಳೆವ್ವ.

ಹೊರಗೆ ಓಣಿಯಲ್ಲಿ ಮಗ್ಗಗಳ ಸದ್ದು ನಡೆದೇ ಇತ್ತು, ಯಾರೂ ಬಂದು ಕೇಳಲಿಲ್ಲ. ಕೇಳಬೇಕಾಗಿದ್ದ ಹೊಳೆವ್ವ ತೀರಿ ಎಂಟು ವರ್ಷವಾಗಿತ್ತು. ಶೇವಂತಿ ಮರದಲ್ಲಿ ಜೋಳ ತಂದು ಅವನ ಮಡಿಲಿಗೆ ಸುರಿದಳು. ಹೊತ್ತಾಯಿತು, ಇನ್ನು ಏಳಿ ಎಂದರೂ ಗೂಳಪ್ಪ ಆ ಕುಣಿಯಿಂದ ಕಾಲು ಮೇಲೆ ತೆಗೆಯಲು ಬಹಳ ಹೊತ್ತು ಮಾಡಿದ.